ಒಂದು ದಿನ ಮುಂದೆ ಹೋದವನಿಗೆ

ಔಷಧಿ ಅಂಗಡಿಯ ಮಹಡಿ ಮನೆಯಿಂದ,
ತಾರೀಖು ಹದಿನಾಲ್ಕು, ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಬಾಬಿನ್ ಮಾಡುವ ನಮಸ್ಕಾರಗಳು. ಹೇಗಿದ್ದೀಯ? ಮನೆ ಬಿಟ್ಟು ಹೋದ ದಿನ ನಿನಗೆ ಕೆಮ್ಮಿತ್ತು, ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನುತ್ತೀಯಾ, ಇಲ್ಲ ಹೊಲಿಗೆ ಮಷಿನ್ ಬಿಚ್ಚಿಕೊಂಡು ಕೂತರೆ ಹೊಟ್ಟೆಯ ನೆನಪೇ ಇರುವುದಿಲ್ಲವಾ? ಇದನ್ನೆಲ್ಲ ಅಭ್ಯಾಸಬಲದಿಂದ ಕೇಳುತ್ತಿದ್ದೇನೆ. ನೀನು ಈಗ ಯಾವ ವಯಸ್ಸಿನಲ್ಲಿದ್ದೀಯೋ, ಆ ವಯಸ್ಸಿಗೆ ಕೆಮ್ಮು ಶುರುವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇವಳಿಗೆ ತಲೆ ಕೆಟ್ಟಿತೇ ಎಂದು ನಗಬೇಡ. ಮೊದಲಿನಿಂದ ಹೇಳುತ್ತೇನೆ, ನಿಧಾನಕ್ಕೆ ಓದು. ನಾಲ್ಕು ವರ್ಷದಿಂದ ನಿನಗೆ ಬರೆಯಲು ಒಂದು ವಿಳಾಸ ಇರಲಿಲ್ಲ. ಇವತ್ತು ಇದೆ. ಇವತ್ತು ನೀನು ನಮ್ಮ ಊರಿನಲ್ಲಿ, ನಮ್ಮ ಹಳೆಯ ನೆರೆಯ ತಕ್ಕಡಿ ಅಜ್ಜಿಯ ಮನೆಯಲ್ಲಿ ಇದ್ದೀಯ. ಅದನ್ನು ನನಗೆ ಯಾರೂ ಹೇಳಿಲ್ಲ. ನಾವು ಎಲ್ಲಿಗೆ ಹೋದರೂ ನೀನು ಹಿಂದಿನ ದಿನವೇ ಬಂದು ಹೋಗಿರುತ್ತೀಯ. ನಾವು ಅಲ್ಲಿಗೆ ನಾಳೆ ಮುಟ್ಟಬೇಕಿತ್ತು. ಹಾಗಾದರೆ ನೀನು ಇವತ್ತು ಅಲ್ಲಿರಲೇಬೇಕು. ಅಲ್ಲಿಂದ ಮುಂದೆ ನಮ್ಮ ದಾರಿಯೇ ಇಲ್ಲ, ಸಂಜೆಗೂ ನೀನು ಅಲ್ಲೇ ಇರುತ್ತೀಯ. ಈ ಪತ್ರವನ್ನು ಹಾಲಿನ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಜೆಯೊಳಗೆ ತಲುಪಿಸುತ್ತೇನೆ ಎಂದಿದ್ದಾನೆ.

ನಮ್ಮ ಕಡೆಯ ಸುದ್ದಿ ಹೇಳಿಬಿಡುತ್ತೇನೆ. ಇವರು ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಮೂರು ವರ್ಷವಾಯಿತು. ನೀನು ಇವರಿಗೆ 'ಟಾಪ್ ಗೇರ್' ಎಂದು ಹೆಸರಿಟ್ಟಿದ್ದೆಯಲ್ಲ, ಈಗಲೂ ಇವರು ಓಡಿಸುವ ಗಾಡಿಯನ್ನು ಸೈಕಲ್ಲಿನವರು ಹಿಂದೆ ಹಾಕಿಕೊಂಡು ಹೋಗುತ್ತಾರೆ. ಮೂವತ್ತೈದು ವರ್ಷ ಬಸ್ಸು ಓಡಿಸಿ ಸಾಲದು ಎಂಬಂತೆ ಒಂದು ಹಳೆಯ ವ್ಯಾನ್ ತಂದು, ಹಿಂದುಗಡೆ ಹಾಸಿಗೆ, ಸ್ಟವ್, ಎರಡು ಮಡಚುವ ಕುರ್ಚಿ ಎಲ್ಲ ಜೋಡಿಸಿಕೊಂಡಿದ್ದಾರೆ. ಮಗಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಾಳೆ, ಅಪ್ಪ ಅಮ್ಮ ಮಾಡುವ ತಪ್ಪು ಮಾತ್ರ ಅವಳಿಗೆ ಕನ್ನಡಕವಿಲ್ಲದೆ ಕಾಣಿಸುತ್ತದೆ. ರಿಪೇರಿ ಅಂಗಡಿ ನಡೆಯುತ್ತಿದೆ. ಅಪ್ಪನ ಕಾಲದ ತಿರುಪುಳಿ ಸೆಟ್ಟು ಇನ್ನೂ ನನ್ನ ಕೈಯಲ್ಲೇ ಇದೆ. ಅದು ನಿನ್ನ ಕೈಯಲ್ಲಿ ಇರಬೇಕಾದದ್ದು, ಆ ಮಾತಿಗೆ ಆಮೇಲೆ ಬರುತ್ತೇನೆ.

ಎರಡು ತಿಂಗಳ ಹಿಂದೆ ತಕ್ಕಡಿ ಅಜ್ಜಿ ಹೇಳಿಕಳಿಸಿದರು. ತೊಂಬತ್ತಾಯಿತಂತೆ. "ಕಣ್ಣು ಕಾಣ್ತಿರುವಾಗ್ಲೇ ಬಂದು ಹೋಗೇ, ಆಮೇಲೆ ನಿನ್ನ ಮುಖ ತಡವಿ ನೋಡೋ ಹಾಗೆ ಮಾಡ್ಬೇಡ" ಎಂದಿದ್ದರು. ನಾವಿರುವುದು ಸಮುದ್ರದ ಅಂಚಿನಲ್ಲಿ, ಹುಟ್ಟಿದ ಊರು ದೇಶದ ಆ ತುದಿ. ಇವರು ನಕ್ಷೆ ಹಾಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದು ವಾರದ ದಾರಿಯಲ್ಲಿ ಮೂರು ಕಡೆ ಮೂರು ಸ್ನೇಹಿತರ ಮನೆಗಳಿಗೆ ಗುರುತು ಹಾಕಿದರು. ಮೊದಲು ಸಮವಸ್ತ್ರದಕ್ಕ, ಆಮೇಲೆ ನರ್ಸಮ್ಮ, ಆಮೇಲೆ ಚಿಕ್ಕಂದಿನ ನನ್ನ ಗೆಳತಿ ಮಾತ್ರೆ, ಕೊನೆಗೆ ಅಜ್ಜಿ. ನಮ್ಮ ಬದುಕನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದುವ ಹಾಗಿದೆಯಲ್ಲ ಎಂದು ನಾನು ತಮಾಷೆ ಮಾಡಿದ್ದೆ. ಆ ತಮಾಷೆಯನ್ನು ಮಾಡಬಾರದಿತ್ತು.

ಸಮವಸ್ತ್ರದಕ್ಕನ ಮನೆಗೆ ಮುಟ್ಟಿದ್ದು ಶುಕ್ರವಾರ ಹತ್ತು ಗಂಟೆಗೆ. ಶಾಲೆ, ಕಾರ್ಖಾನೆಗಳ ಸಮವಸ್ತ್ರ ಹೊಲಿಯುವ ಅಕ್ಕ ನಿನಗೆ ಗೊತ್ತು, ಹತ್ತು ವರ್ಷದ ಪರಿಚಯ. ಬಾಗಿಲಲ್ಲೇ, ಕುತ್ತಿಗೆಯಲ್ಲಿ ಅಳತೆ ಟೇಪು ನೇತುಬಿದ್ದಿರುವಾಗಲೇ, "ಏನು ಅಣ್ಣ ತಂಗಿ ಒಟ್ಟಿಗೆ ಬರೋಕಾಗಲ್ವಾ? ಅವರು ನಿನ್ನೆ, ನೀವು ಇವತ್ತು! ನನ್ನ ಚಹಾಪುಡಿ ಏನು ಬಿಟ್ಟಿ ಬರುತ್ತಾ?" ಎಂದು ಗದರಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಾಲ್ಕು ವರ್ಷದ ಹಿಂದೆ ಪೊಲೀಸರಿಗೆ ನಿನ್ನ ಫೋಟೋ ಕೊಟ್ಟು ಬಂದವಳು ನಾನು. ಅಕ್ಕ ಹೇಳಿದ ಗುರುತೆಲ್ಲ ಹೌದು: ಬೆಳ್ಳಗಾದ ತಲೆ, ಕೆಮ್ಮು, ತೊಗಲಿನ ಚೀಲ. ಹನ್ನೊಂದು ಗಂಟೆಗೆ ಬಂದೆಯಂತೆ, ಚಹಾ ಮುಟ್ಟಲಿಲ್ಲವಂತೆ, ಕೇಳದೆಯೇ ಮಷಿನ್ ಬಿಚ್ಚಿ ಎಣ್ಣೆ ಹಾಕಿದೆಯಂತೆ, "ತಂಗಿ ಬಂದ್ಲಾ?" ಎಂದು ಒಂದೇ ಒಂದು ಮಾತು ಕೇಳಿ ಎದ್ದು ಹೋದೆಯಂತೆ.

ನಾನು ಓಡಿಹೋಗಿ ಮಷಿನ್ ನೋಡಿದೆ. ನೀನು ಈ ಪತ್ರವನ್ನು ಯಾವ ವಯಸ್ಸಿನಲ್ಲಿ ಓದುತ್ತೀಯೋ ತಿಳಿಯದ ಕಾರಣ, ನಿನಗೆ ಗೊತ್ತಿರಬೇಕಾದ್ದನ್ನೂ ಬರೆಯುತ್ತೇನೆ. ರಿಪೇರಿ ಮುಗಿದ ಮೇಲೆ ಒಂದು ಚಿಂದಿಯ ಮೇಲೆ ಗೇಣುದ್ದ ಹೊಲಿದು, ಅದನ್ನು ಸೂಜಿಯ ಕೆಳಗೇ ಬಿಟ್ಟು ಏಳಬೇಕು ಎಂಬುದು ಅಪ್ಪನ ಕಟ್ಟಪ್ಪಣೆ. ಆ ಚಿಂದಿಯೇ ನಮ್ಮ ಸಹಿ. ಬೇರೆಯವರ ಹೊಲಿಗೆ ನೆಟ್ಟಗಿರುತ್ತದೆ, ನಿನ್ನದು ಕೊನೆಯ ಎರಡು ಬೆರಳಿನಷ್ಟು ಜಾಗದಲ್ಲಿ ಎಡಕ್ಕೆ ವಾಲುತ್ತದೆ. ಎಡಗೈ ತೋರುಬೆರಳಿಗೆ ತುದಿಯಿಲ್ಲದವನು ಬಟ್ಟೆಯನ್ನು ಕೊನೆಯವರೆಗೆ ಒತ್ತಿ ಹಿಡಿಯುವುದಾದರೂ ಹೇಗೆ? ಅಕ್ಕನ ಮಷಿನ್‌ನಲ್ಲಿ ಇದ್ದ ಹೊಲಿಗೆ ಎಡಕ್ಕೆ ವಾಲಿತ್ತು. ಎಣ್ಣೆ ಇನ್ನೂ ಹಸಿಯಿತ್ತು. ನಾನು ಆ ಚಿಂದಿಯನ್ನು ಕಣ್ಣಿಗೊತ್ತಿಕೊಂಡು ಅತ್ತೆ. ನೀಲಿ ಚೌಕಳಿಯ ಬಟ್ಟೆ. ಎಲ್ಲೋ ನೋಡಿದ ಹಾಗಿದೆ ಎನಿಸಿತು, ಅಷ್ಟೇ. ಇವರಿಗಂತೂ ಹಬ್ಬವೇ ಬಂದಂತಾಯಿತು. "ನಿನ್ನಣ್ಣ ನಮ್ಮ ಜೊತೆ ಕಣ್ಣಾಮುಚ್ಚಾಲೆ ಆಡ್ತಿದ್ದಾನೆ ಕಣೇ. ಇರು, ಮುಂದಿನ ಮನೇಲಿ ಹಿಡಿಯೋಣ" ಎಂದು ಜೀವಮಾನದಲ್ಲಿ ಮೊದಲ ಬಾರಿ ಅರವತ್ತರ ಮೇಲೆ ಓಡಿಸಿದರು. ಮಗಳಿಗೆ ಫೋನ್ ಮಾಡಿದೆ. ನಮ್ಮ ದಾರಿಯನ್ನು ತಾನು ಯಾರಿಗೂ ಹೇಳಿಲ್ಲ, ಮಾವ ತನಗೆ ಫೋನ್ ಮಾಡಿಲ್ಲ ಎಂದಳು.

ನರ್ಸಮ್ಮನ ಮನೆ ತಲುಪಿದ್ದು ಭಾನುವಾರ. ಆಸ್ಪತ್ರೆಯ ಹಿಂದಿನ ಅದೇ ಓಣಿ, ಅದೇ ಹಸಿರು ಗೇಟು. ನನ್ನ ಹೆರಿಗೆ ಮಾಡಿಸಿದ ಪುಣ್ಯಾತ್ಗಿತ್ತಿ, ಅಲ್ಲಿಂದ ಶುರುವಾದ ಸ್ನೇಹ, ಮೂವತ್ತೆರಡು ವರ್ಷವಾಯಿತು. ನನ್ನನ್ನು ಅಪ್ಪಿಕೊಂಡ ಆಕೆ ಹಿಂದೆ ನಿಂತಿದ್ದ ಇವರಿಗೆ ಮರ್ಯಾದೆಯಿಂದ ಕುರ್ಚಿ ಎಳೆದು, "ಕೂತ್ಕೊಳ್ಳಿ ಯಜಮಾನ್ರೇ" ಎಂದು, ನನ್ನ ಕಿವಿಯಲ್ಲಿ, "ನಿನ್ನ ಮಾವನೋರಾ? ಗಂಡ ಬರ್ಲಿಲ್ವಾ? ಮಗೂನ ಯಾರ ಹತ್ರ ಬಿಟ್ಟು ಬಂದೆ?" ಎಂದು ಕೇಳಿದರು. ವಯಸ್ಸಾಯಿತು, ಪಾಪ, ನೆನಪು ಕೈಕೊಟ್ಟಿದೆ ಎಂದುಕೊಂಡೆ. ಇವರು ಮಾತ್ರ ತಲೆಯ ಮೇಲೆ ಕೈಯಾಡಿಸಿಕೊಂಡು, "ಇವತ್ತೇ ಡೈ ತಗೋಬೇಕು" ಎಂದು ನಕ್ಕರು. ಆದರೆ ನರ್ಸಮ್ಮ ಬಾಕಿ ಎಲ್ಲದರಲ್ಲೂ ಚುರುಕಾಗಿದ್ದರು. ನನ್ನ ನಾಡಿ ಹಿಡಿದು ಎಣಿಸಿ ಸರಿಯಾಗಿ ಹೇಳಿದರು. ನಿನ್ನ ವಿಷಯ ಅವರೇ ತೆಗೆದರು. "ನಿಮ್ಮಣ್ಣ ನಿನ್ನೆ ಹನ್ನೊಂದಕ್ಕೆ ಬಂದಿದ್ದ. ಎಷ್ಟು ಚೆಂದ ಮೀಸೆ ಬಿಟ್ಟಿದ್ದಾನೆ! ಕಾಡಿಗೆ ಥರ ಕಪ್ಪು. ಅವನಿಗೊಂದು ಹುಡುಗಿ ನೋಡಮ್ಮಾ, ಹೀಗೇ ಊರೂರು ಸುತ್ತಿಸ್ಬೇಡ" ಎಂದರು.

ನೀನು ಅರವತ್ತನಾಲ್ಕರವನು ಅಣ್ಣಾ. ನಿನ್ನ ಮದುವೆಗೆ ಇದೇ ನರ್ಸಮ್ಮ ಬಂದು ಒಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟಿದ್ದರು. ಅತ್ತಿಗೆಯ ಹೆಸರೆತ್ತಿದೆ. "ಯಾರು ಅದು?" ಎಂದರು. ಅವರ ಮಷಿನ್‌ನ ಸೂಜಿಯ ಕೆಳಗೂ ಚಿಂದಿಯಿತ್ತು. ಎಡಕ್ಕೆ ವಾಲಿದ ಹೊಲಿಗೆ, ಅದೇ ನೀಲಿ ಚೌಕಳಿ. ಮೊದಲನೆಯದನ್ನು ಪಕ್ಕದಲ್ಲಿಟ್ಟು ನೋಡಿದೆ. ಕತ್ತರಿಸಿದ ಅಂಚಿಗೆ ಅಂಚು ಸರಿಯಾಗಿ ಕೂತಿತು. ಒಂದೇ ಬಟ್ಟೆಯಿಂದ ಕತ್ತರಿಸಿಕೊಂಡು ಬರುತ್ತಿದ್ದೀಯ.

ಅಲ್ಲಿಂದ ಮುಂದಿನ ರಸ್ತೆಯ ಎರಡೂ ಬದಿಗೆ ಬೋಳು ಬಯಲು, ನಟ್ಟನಡು ಮಧ್ಯಾಹ್ನದಲ್ಲೂ ಒಂದು ಹಕ್ಕಿ ಕೂಗುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ನಾನು ಇಳಿದು ಮೆಟ್ಟಿಲು ಹತ್ತಿ ಇಳಿದು ಬಂದೆ. ಬಂದ ಮೇಲೆ ನೆನಪಾಯಿತು, ನನ್ನ ಮೊಣಕಾಲು ನೋಯಲಿಲ್ಲ. ಆರು ವರ್ಷದಿಂದ ಪಟ್ಟಿ ಕಟ್ಟಿಕೊಂಡು ಓಡಾಡುವವಳು ನಾನು. ಕುಪ್ಪಸದ ಗುಂಡಿ ಕಿತ್ತುಬಂದಿತ್ತು, ಕೂತು ಹಾಕಿದೆ. ಹಾಕಿ ಮುಗಿಸಿದ ಮೇಲೆ ಗೊತ್ತಾಯಿತು, ಸೂಜಿಗೆ ದಾರ ಪೋಣಿಸುವಾಗ ಕನ್ನಡಕ ಪೆಟ್ಟಿಗೆಯಲ್ಲೇ ಇತ್ತು. ಸಂತೋಷದಿಂದ ಇವರಿಗೆ ಹೇಳಿದೆ. ಇವರು ನನ್ನ ಮುಖ ನೋಡಿದರು, ಬಹಳ ಹೊತ್ತು ನೋಡಿದರು. "ನಿನಗೆ ಹಗುರಾಗ್ತಿದೆ, ನನಗೆ ಗೇರ್ ಹಾಕೋಕೂ ಕೈ ಸೋಲ್ತಿದೆ ಕಣೇ" ಎಂದರು. ಆಮೇಲೆ ನಗಿಸಲು, "ಟಾಪ್ ಗೇರ್ ಅಂತೂ ಯಾವತ್ತೂ ಬಿದ್ದಿರಲಿಲ್ಲ ಬಿಡು" ಎಂದು ಸೇರಿಸಿದರು. ನನಗೆ ನಗು ಬರಲಿಲ್ಲ.

ನಿನ್ನೆ ಮಂಗಳವಾರ ಇಲ್ಲಿಗೆ ಬಂದೆವು. ಮಾತ್ರೆಯನ್ನು ಮರೆತಿಲ್ಲ ತಾನೇ? ಔಷಧಿ ಅಂಗಡಿಯವರ ಮಗಳು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು, ಜೇಬಿನ ತುಂಬ ಅಪ್ಪನ ಅಂಗಡಿಯ ಸಿಹಿ ಮಾತ್ರೆ ತಂದು ಹಂಚುತ್ತಿದ್ದವಳು. ಅವಳ ಅಪ್ಪ ನಮ್ಮೂರಿನಿಂದ ಇಲ್ಲಿಗೆ ಅಂಗಡಿ ಬದಲಾಯಿಸಿದ ಮೇಲೂ ನಮ್ಮ ಪತ್ರ ನಿಂತಿರಲಿಲ್ಲ. ಈಗ ಅಂಗಡಿ ಅವಳದೇ. ಗಲ್ಲಾದ ಹಿಂದಿನಿಂದ ಎದ್ದು ಬಂದು, "ಲೇ ಬಾಬಿನ್, ಎಷ್ಟು ಹೊತ್ತೇ ಬರೋದು! ನಿಮ್ಮಣ್ಣ ನಿನ್ನೆನೇ ಬಂದು ಹೋದ" ಎಂದು ನನ್ನ ಜಡೆ ಎಳೆದಳು. ಹಾಗೆಯೇ ಇವರ ಕಡೆ ತಿರುಗಿ, "ಡ್ರೈವರಣ್ಣಾ, ನೀವು ಕೆಳಗೇ ಕೂತ್ಕೊಳ್ಳಿ, ಚಹಾ ಕಳಿಸ್ತೀನಿ" ಎಂದಳು. ನಾನು, "ಏ, ಇವರು..." ಎಂದೆ. "ಹೂಂ ಕಣೇ, ಅವರಿಗೂ ಬ್ರೆಡ್ಡು ಕೊಡ್ತೀನಿ, ನೀನು ಮೇಲೆ ಬಾ" ಎಂದು ಕೈ ಹಿಡಿದು ಎಳೆದಳು. ಇವರು ಔಷಧಿ ಡಬ್ಬಿಗಳ ನಡುವಿನ ಸ್ಟೂಲಿನ ಮೇಲೆ ಕೂತು, "ಹೋಗಮ್ಮ ಹೋಗು, ನಾನು ಡ್ರೈವರೇ ತಾನೇ, ಸುಳ್ಳೇನು ಹೇಳಿದ್ಲು?" ಎಂದರು. ಮೆಟ್ಟಿಲು ಹತ್ತುತ್ತಾ ಎರಡು ಸಲ ತಿರುಗಿ ನೋಡಿದೆ. ಎರಡನೆಯ ಸಲ ಇವರು ಇನ್ನೂ ಸಣ್ಣಗೆ ಕಂಡರು.

ಮೇಲೆ ಬಂದ ಮೇಲೆ ಮಾತ್ರೆ ನಿನ್ನ ವರ್ಣನೆ ಮಾಡಿದಳು. ಹದಿನೇಳು ವರ್ಷ, ಮೀಸೆ ಈಗಷ್ಟೇ ಚಿಗುರುತ್ತಿದೆ, ಅಪ್ಪನ ದೊಗಲೆ ಷರಟು. ಹನ್ನೊಂದಕ್ಕೆ ಬಂದು, ಮಷಿನ್ ಶುಚಿ ಮಾಡಿ, "ಅವಳು ಬಂದ್ರೆ ಬೇಗ ಕಳಿಸು, ಅಪ್ಪ ಅಂಗಡಿ ಬಾಗಿಲಲ್ಲಿ ನಿಂತು ಕಾಯ್ತಿದ್ದಾರೆ" ಎಂದೆಯಂತೆ. ಅಪ್ಪ ತೀರಿ ಇಪ್ಪತ್ತೊಂಬತ್ತು ವರ್ಷ. ನಾನು, ಅವನ ಎಡಗೈ ನೋಡಿದೆಯಾ ಎಂದು ಕೇಳಿದೆ. "ಯಾಕೆ, ಏನಾಗಿತ್ತು? ಹತ್ತೂ ಬೆರಳು ಎಣ್ಣೆ ಮಾಡ್ಕೊಂಡು ನನ್ನ ಟವಲ್ಲಿಗೇ ಒರೆಸಿದ್ನಲ್ಲ!" ಎಂದಳು. ಟವಲ್ ತಂದು ತೋರಿಸಿದಳು. ಹತ್ತು ಬೆರಳಿನ ಗುರುತು ಇತ್ತು. ಎಣಿಸಿದೆ. ಸೂಜಿಯ ಕೆಳಗಿನ ಚಿಂದಿಯ ಮೇಲೆ ಹೊಲಿಗೆ ನೆಟ್ಟಗೆ, ಕೊನೆಯವರೆಗೂ ನೆಟ್ಟಗೆ, ಗೆರೆ ಎಳೆದಂತೆ ಇತ್ತು.

ಆಗ ಆ ಬಟ್ಟೆಯೂ ನೆನಪಾಯಿತು. ಮೂರು ಚಿಂದಿ ಜೋಡಿಸಿದರೆ ಅದು ಫ್ರಾಕಿನ ಅಂಚು. ಹನ್ನೊಂದು ವರ್ಷದವಳಿದ್ದಾಗ ನಾನು ತೊಟ್ಟಿದ್ದ ನೀಲಿ ಚೌಕಳಿ ಫ್ರಾಕು. ಅದರ ಮೇಲೆ ನಿನ್ನ ರಕ್ತ ಬಿದ್ದಿತ್ತು. ಎಷ್ಟು ಒಗೆದರೂ ಹೋಗಲಿಲ್ಲವೆಂದು ಅಮ್ಮ ಅದನ್ನು ಒಲೆಗೆ ಹಾಕಿದ್ದನ್ನು ನಾನೇ ಎದುರು ಕೂತು ನೋಡಿದ್ದೇನೆ. ಗುಂಡಿ ಕೂಡ ಉಳಿಯಲಿಲ್ಲ. ಈ ಮೂರು ಚಿಂದಿಯಲ್ಲಿ ಕಲೆಯಿಲ್ಲ ಅಣ್ಣಾ.

ಆ ಮಧ್ಯಾಹ್ನದ ಮಾತನ್ನು ನಲವತ್ತೇಳು ವರ್ಷ ಬಾಯಿಬಿಟ್ಟಿಲ್ಲ, ಇವತ್ತು ಬರೆಯುತ್ತೇನೆ. ಅಪ್ಪನ ಅಂಗಡಿಯಲ್ಲಿ ಒಂದೇ ಒಂದು ಕಡ್ಡಾಯ: ಮಷಿನ್‌ನ ಹೊಟ್ಟೆಯೊಳಗೆ ಬೆರಳು ಹಾಕುವವನು "ಕೈ ಒಳಗಿದೆ" ಎಂದು ಗಟ್ಟಿಯಾಗಿ ಹೇಳಬೇಕು, "ಕೈ ಹೊರಗಿದೆ" ಎಂದು ಅವನೇ ಹೇಳುವವರೆಗೆ ಇನ್ನೊಬ್ಬರು ಚಕ್ರ ಮುಟ್ಟಬಾರದು. ಅವತ್ತು ಬೆಳಿಗ್ಗೆ ನಾನು ಒಂದು ಮಷಿನ್‌ಗೆ ಸೂಜಿಯನ್ನು ಹಿಂದುಮುಂದಾಗಿ ಕೂರಿಸಿದ್ದೆ. ನೀನು ಬಂದ ಗಿರಾಕಿಗಳಿಗೆಲ್ಲ ಅದನ್ನು ಹೇಳಿ, "ನಮ್ಮ ಹೊಸ ಮೇಸ್ತ್ರಿಣಿ ನೋಡಿ, ಬಟ್ಟೆ ಹೊಲಿಯಲ್ಲ, ದಾರ ಕತ್ತರಿಸ್ತಾಳೆ" ಎಂದು ನಗಿಸಿದ್ದೆ. ನನಗೆ ಕೋಪ ನೆತ್ತಿಗೇರಿತ್ತು. ಮಧ್ಯಾಹ್ನ ನೀನು ಸೂಜಿಯ ಕೆಳಗೆ ಬಾಬಿನ್ ಕೂರುವ ಶಟಲ್ ಶುಚಿ ಮಾಡುತ್ತಿದ್ದೆ. "ಕೈ ಒಳಗಿದೆ" ಎಂದೆ. ನೀನು ಹೇಳಿದೆ, ನಾನು ಕೇಳಿಸಿಕೊಂಡೆ. ಸ್ವಲ್ಪ ಹೆದರಿಸೋಣ, ಅರ್ಧ ಸುತ್ತು ಮಾತ್ರ ಎಂದು ಚಕ್ರ ತಿರುಗಿಸಿದೆ. ಸೂಜಿ ಉಗುರಿನ ಮೇಲೆ ಹೊಕ್ಕು ಕೆಳಗೆ ಬಂತು. ಅದು ಕೀವಾಗಿ ಬೆರಳ ತುದಿ ತೆಗೆಯಬೇಕಾಯಿತು. ಅಪ್ಪ ಕೇಳಿದಾಗ ನೀನು ಏನು ಹೇಳಿದೆ? "ನಾನೇ ಹೇಳೋಕೆ ಮರೆತೆ ಅಪ್ಪಾ" ಎಂದೆ. "ಮೈಮೇಲೆ ಜ್ಞಾನ ಇಲ್ಲದವನಿಗೆ ನನ್ನ ಅಂಗಡೀಲಿ ಜಾಗ ಇಲ್ಲ" ಎಂದು ಅಪ್ಪ ನಿನಗೆ ಚೀಲ ಹಿಡಿಸಿ ಊರೂರು ರಿಪೇರಿಗೆ ಅಟ್ಟಿದರು. ಅಂಗಡಿ ನನ್ನ ಪಾಲಿಗೆ ಬಂತು, ರಸ್ತೆ ನಿನ್ನ ಪಾಲಿಗೆ. ಅತ್ತಿಗೆ ಇರುವಷ್ಟು ದಿನ ನಿನಗೊಂದು ಮನೆ ಅಂತ ಇತ್ತು, ಆಕೆ ಹೋದ ಮೇಲೆ ಅದೂ ಇಲ್ಲದೆ ನಮ್ಮ ಮನೆಗೆ ಬಂದೆ. ಅಲ್ಲೂ ನಿಲ್ಲದೆ ಒಂದು ದಿನ ಚೀಲ ತಗೊಂಡು ಹೊರಟುಬಿಟ್ಟೆ. ಒಂದು ದಿನವೂ ನನ್ನನ್ನು ಎತ್ತಿ ಆಡಲಿಲ್ಲ. ನೀನು ಆಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈಗ ನಿನಗೆ ಅರ್ಥವಾಗಿರಬೇಕು ನನ್ನ ಮನಸ್ಸು ಯಾಕೆ ತಕ್ಕಡಿ ಅಜ್ಜಿಯ ಮನೆಯ ಕಡೆ ಹಗ್ಗ ಹಾಕಿದಂತೆ ಎಳೆಯುತ್ತಿದೆ ಎಂದು. ಅಜ್ಜಿಯ ಮನೆಯ ಗೋಡೆಗೆ ಅಂಟಿಕೊಂಡೇ ಅಪ್ಪನ ಅಂಗಡಿ. ಇನ್ನು ಅರ್ಧ ದಿನದ ದಾರಿ. ಅಲ್ಲಿ ನೀನು ಹತ್ತು ಬೆರಳಿನವನಾಗಿ ಕೂತಿದ್ದೀಯ, ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ, ಅಮ್ಮ ಒಳಗೆ ಏನೋ ಹುರಿಯುತ್ತಿರಬಹುದು. ನಾನು ಹೋಗಿ ಆ ಚಕ್ರದ ಪಕ್ಕ ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನಿದ್ದರೆ ಸಾಕು. ಎಲ್ಲ ಸರಿಹೋಗುತ್ತದೆ. ರಾತ್ರಿಯಿಡೀ ಇದೇ ಯೋಚನೆ.

ಆದರೆ ಇವತ್ತು ಹತ್ತು ಗಂಟೆಗೆ ಕೆಳಗಿನ ಅಂಗಡಿಯ ಫೋನಿನಿಂದ ಮಗಳಿಗೆ ಫೋನ್ ಮಾಡಿದೆ. ಆ ನಂಬರು ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದು ಒಬ್ಬ ಹೆಂಗಸಿನ ದನಿ ಹೇಳಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ವಿನಯದಿಂದ ಹೇಳಿತು. ಯಾರಿಗೇ ಮಾಡ್ತಿದ್ದೀಯಾ ಎಂದಳು ಮಾತ್ರೆ. ಮಗಳಿಗೆ ಎಂದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. "ಮೊದಲು ಫ್ರಾಕು ಬಿಟ್ಟು ದೊಡ್ಡೋಳಾಗೇ!" ಎಂದಳು. ಅವಳ ಕೂದಲೂ ಪೂರ್ತಿ ಬೆಳ್ಳಗಿದೆ ಅಣ್ಣಾ. ನಗುವಾಗ ಮಾತ್ರ ಹನ್ನೊಂದು ವರ್ಷದವಳು ನಕ್ಕಂತೆ ಕೇಳುತ್ತದೆ.

ಆದ್ದರಿಂದ ನಾವು ನಾಳೆ ಬರುವುದಿಲ್ಲ. ಇವರಿಗೆ ಬೆನ್ನು ನೋವು ಹೆಚ್ಚಾಗಿದೆ. ಇನ್ನು ಮುಂದಕ್ಕೆ ಓಡಿಸಲಾರೆ, ಹಿಂದಕ್ಕೆ ಹೋಗೋಣ ಎಂದು ಹಟ ಹಿಡಿದಿದ್ದಾರೆ. ಇವರ ಮಾತು ಮೀರಲಾರೆ. ಪತ್ರ ಮುಗಿದ ಕೂಡಲೇ ಹೊರಡುತ್ತೇವೆ. ಅಪ್ಪ ಅಲ್ಲಿದ್ದರೆ ಅವರ ಕಾಲಿಗೆ ನನ್ನ ನಮಸ್ಕಾರ ತಿಳಿಸು, ಅಮ್ಮನ ಸೆರಗಿಗೆ ಒಂದು ಸಲ ನನ್ನ ಪರವಾಗಿ ಮುಖ ಒರೆಸಿಕೋ. ಅಜ್ಜಿಗೆ ನಾನು ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ ಎನ್ನು. ಹಿರಿಯವನಾದ ನಿನಗೆ ನಾನು ಹರಸುವಂತಿಲ್ಲ. ಎಲ್ಲಿದ್ದರೂ ನಿನ್ನ ಚೀಲದ ಎಣ್ಣೆಬುಡ್ಡಿ ಬರಿದಾಗದಿರಲಿ, ಕೂತಲ್ಲಿ ನೆರಳಿರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ನಿನ್ನ ಒಬ್ಬಳೇ ತಂಗಿ,
ಬಾಬಿನ್

ಮರೆತ ಮಾತು: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳಿದೆ. ಹಿಂದಕ್ಕೆ ಹೋಗೋಣ ಎಂದವರು ಇವರಲ್ಲ. "ನಿನ್ನಣ್ಣ ಅಲ್ವೇನೇ, ಲಾರೀಲಿ ಹತ್ತಿ ಹೋಗಿ ಬಾ, ನಾನಿಲ್ಲೇ ಸ್ಟೂಲ್ ಮೇಲೆ ಕಾಯ್ತೀನಿ" ಎಂದೇ ಇವರು ಹೇಳಿದ್ದು. ಬೇಡ ಎಂದವಳು ನಾನು. ಬೆಳಿಗ್ಗೆ ಕಿಟಕಿಯಿಂದ ನೋಡಿದಾಗ ಕೆಳಗೆ ಒಬ್ಬ ಮುದುಕ ವ್ಯಾನ್ ತೊಳೆಯುತ್ತಿದ್ದ. ಯಾರ ಮನೆಯವನೋ ಪಾಪ, ಈ ವಯಸ್ಸಿನಲ್ಲಿ ದುಡಿಸಿಕೊಳ್ಳುತ್ತಾರಲ್ಲ ಎಂದುಕೊಂಡೆ. ಆತ ತಲೆ ಎತ್ತಿ ನನಗೆ ಕೈಬೀಸಿದ. ನಾನು ನಾಚಿ ಪರದೆಯ ಹಿಂದೆ ಸರಿದೆ. ಹತ್ತು ಉಸಿರು ಎಳೆಯುವಷ್ಟು ಹೊತ್ತು ಅಣ್ಣಾ, ಇವರು ಯಾರೆಂದು ನನಗೆ ಗೊತ್ತಿರಲಿಲ್ಲ. ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನ ಬೆರಳಿಗೆ ಬದಲಾಗಿ ನಾನು ಇವರನ್ನು ಕೊಡಲಾರೆ, ಮಗಳನ್ನು ಕೊಡಲಾರೆ. ನೀನೇ ಈ ಕಡೆ ಬಾ. ಸಮವಸ್ತ್ರದಕ್ಕನ ಮನೆಯಲ್ಲಿ ಸೋಮವಾರದವರೆಗೂ ಕಾಯುತ್ತೇವೆ. ಅರವತ್ತನಾಲ್ಕರವನಾಗಿ, ಕೆಮ್ಮುತ್ತಾ ಬಾ.

ಇದನ್ನು ಓದುತ್ತಿರುವವನು ಹದಿನೇಳರ ಹುಡುಗನಾದರೆ, ಅವನಿಗೆ ಒಂದು ಮಾತು. ಮಷಿನ್‌ನೊಳಗೆ ಕೈ ಹಾಕುವ ಮೊದಲು ಚಕ್ರದ ನಡುವಿನ ತಿರುಪನ್ನು ಸಡಿಲ ಮಾಡಿಬಿಡು. ಆಗ ಚಕ್ರ ಎಷ್ಟು ತಿರುಗಿದರೂ ಸೂಜಿ ಅಲುಗುವುದಿಲ್ಲ. "ಕೈ ಒಳಗಿದೆ" ಎಂದರೆ ಸಾಕು ಎಂದುಕೊಳ್ಳಬೇಡ. ಪಕ್ಕದಲ್ಲಿ ಕೂತಿರುವ ಹುಡುಗಿಗೆ ಹನ್ನೊಂದು ವರ್ಷ, ನಿನ್ನ ಮೇಲೆ ಕೋಪದಲ್ಲಿದ್ದಾಳೆ. ಅವಳು ತಿರುಗಿಸುತ್ತಾಳೆ.